ಬಟ್ಟೆಯಿಂದ ವಿದ್ಯುತ್: ಮಳೆಯ ನಾಡಿಗೆ ಯಾವುದು ಸೂಕ್ತ?

ಧರಿಸಿದವರ ಚಲನೆಯಿಂದಲೇ ವಿದ್ಯುತ್ ಉತ್ಪಾದಿಸುವ ಬಟ್ಟೆಗಳ ಬಗ್ಗೆ ಹಲವು ದೇಶಗಳಲ್ಲಿ ಸಂಶೋಧನೆ ನಡೆಯುತ್ತಿದೆ. ಇವುಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

ಮೊದಲನೆಯದು ಘರ್ಷಣೆಯ ವಿದ್ಯುತ್. ಎರಡು ಭಿನ್ನ ವಸ್ತುಗಳು ತಾಗಿ ಬೇರ್ಪಟ್ಟಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ದಾಟುತ್ತವೆ. ಚಳಿಗಾಲದಲ್ಲಿ ಪಾಲಿಯೆಸ್ಟರ್ ಅಂಗಿ ಕಳಚುವಾಗ ಕೇಳುವ ಚಟಪಟ ಸದ್ದಿಗೆ ಇದೇ ಕಾರಣ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಝೋಂಗ್ ಲಿನ್ ವಾಂಗ್ ಅವರ ತಂಡ 2012ರಲ್ಲಿ ಈ ತತ್ವದ ಪುಟ್ಟ ಜನರೇಟರನ್ನು ರೂಪಿಸಿತು. ಬೆಂಗಳೂರಿನ ನ್ಯಾನೋ ವಿಜ್ಞಾನ ಸಂಸ್ಥೆಯಲ್ಲೂ ಇಂತಹ ಸಾಧನಗಳ ಸಂಶೋಧನೆ ನಡೆದಿದೆ.

ಆದರೆ ಇದಕ್ಕೆ ತೇವಾಂಶವೇ ವೈರಿ. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿದರೆ ಸಂಗ್ರಹವಾದ ವಿದ್ಯುದಂಶ ಸೋರಿಹೋಗುತ್ತದೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಕಾಸರಗೋಡಿನಂತಹ ಕರಾವಳಿಗೆ ಇದು ದೊಡ್ಡ ತೊಡಕು.

ಎರಡನೆಯದು ಒತ್ತಡದ ವಿದ್ಯುತ್. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ಗೂ ಈ ಗುಣವಿದೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾನಿಲಯ ಹಾಗೂ ಬೊರೋಸ್‌ನ ಜವಳಿ ಶಾಲೆಯ ಸಂಶೋಧಕರು 2018ರಲ್ಲಿ ಪಿವಿಡಿಎಫ್ ಎಳೆಗಳನ್ನು ಹಾಸಿಗೂ ವಿದ್ಯುತ್ ಹರಿಯುವ ನೂಲನ್ನು ಹೊಕ್ಕಿಗೂ ಬಳಸಿ ಪಟ್ಟಿಯೊಂದನ್ನು ನೇಯ್ದರು. ಈ ಬಟ್ಟೆ ಒದ್ದೆಯಾದಾಗ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಬೆವರು, ಮಳೆ ಎರಡೂ ಇರುವ ಊರಿಗೆ ಇದು ಆಶಾದಾಯಕ.

ಹಾಗೆಂದು ಕರೆಂಟು ಹೋದಾಗ ಅಂಗಿಯಿಂದ ಮೊಬೈಲ್ ಚಾರ್ಜ್ ಮಾಡಬಹುದೆಂದು ಭಾವಿಸಬೇಕಿಲ್ಲ. 3 ಕಿಲೋ ಭಾರದ ಚೀಲಕ್ಕೆ ಈ ಪಟ್ಟಿಯನ್ನು ಹಾಕಿ ನಡೆದಾಗ ದೊರೆತದ್ದು ಸುಮಾರು 4 ಮೈಕ್ರೋವ್ಯಾಟ್, ಅಂದರೆ ಒಂದು ವ್ಯಾಟಿನ ಹತ್ತು ಲಕ್ಷದಲ್ಲಿ ನಾಲ್ಕು ಪಾಲು. ಸಾಮಾನ್ಯ ಸ್ಮಾರ್ಟ್‌ಫೋನ್ ಬ್ಯಾಟರಿಗೆ 15 ವ್ಯಾಟ್-ಅವರ್ ಬೇಕು. ಆ ಲೆಕ್ಕದಲ್ಲಿ ನಿಲ್ಲದೆ ನಡೆದರೂ 400 ವರ್ಷ ಸಾಲದು! ಓಡಾಡುತ್ತಲೇ ಫೋನ್ ಚಾರ್ಜ್ ಮಾಡುವ ಬಟ್ಟೆಯೆಂದು ಯಾರಾದರೂ ಮಾರಲು ಬಂದರೆ ಎಷ್ಟು ವ್ಯಾಟ್ ಎಂದು ಮೊದಲು ಕೇಳುವುದು ಒಳ್ಳೆಯದು.

ಇದರ ನಿಜವಾದ ಉಪಯೋಗ ಬೇರೆ. ಉಸಿರಾಟ, ನಾಡಿಮಿಡಿತ, ನಡಿಗೆಯನ್ನು ಗಮನಿಸುವ ಪುಟ್ಟ ಸಂವೇದಕಗಳಿಗೆ ತೀರಾ ಕಡಿಮೆ ವಿದ್ಯುತ್ ಸಾಕು. ಮನೆಯಲ್ಲೇ ಇರುವ ರೋಗಿಗಳ ನಿಗಾಕ್ಕೆ ಇವು ಮುಂದೆ ನೆರವಾಗಬಹುದು.

ಕಾಸರಗೋಡು ಸೀರೆಯ ಹತ್ತಿ ನೂಲಿನಿಂದಷ್ಟೇ ಇಂತಹ ಬಟ್ಟೆ ತಯಾರಾಗದು. ವಿಶೇಷ ನೂಲು ಬೇಕು. ಆದರೆ ಆ ನೂಲನ್ನೂ ಬಟ್ಟೆಯಾಗಿಸುವುದು ಇಲ್ಲಿನ ನೇಕಾರರಿಗೆ ಚಿರಪರಿಚಿತವಾದ ಹಾಸು ಮತ್ತು ಹೊಕ್ಕುಗಳೇ.