ಮರಳಿ ಬಂದ ಒಬ್ಬ ಯೋಧ: 1920ರ ಒಂದು ಶವಸಂಸ್ಕಾರದ ವಿಚಾರ

ಯುದ್ಧದಲ್ಲಿ ಮಡಿದ ಸೈನಿಕನ ದೇಹದ ಮೇಲೆ ಹಕ್ಕು ಯಾರದು? ಅವನನ್ನು ರಣರಂಗಕ್ಕೆ ಕಳುಹಿಸಿದ ರಾಜ್ಯದ್ದೊ, ಹೆತ್ತು ಸಾಕಿದ ಮನೆಯವರದೊ? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆಯು ಇಂಗ್ಲೆಂಡಿನಲ್ಲಿ ತೀವ್ರ ರೂಪವನ್ನು ತಾಳಿತು. 1920ನೆಯ ನವೆಂಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ನಡೆದ ಅಜ್ಞಾತ ಯೋಧನ ಶವಸಂಸ್ಕಾರವನ್ನು ರಾಷ್ಟ್ರೀಯ ಗೌರವದ ಸಮಾರಂಭವೆಂದು ವರ್ಣಿಸುವುದು ವಾಡಿಕೆ. ಅದು ಈ ಪ್ರಶ್ನೆಗೆ ರಾಜ್ಯವು ಕೊಟ್ಟ ಉತ್ತರವೂ ಆಗಿತ್ತೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಯುದ್ಧದ ಆರಂಭದಲ್ಲಿ ಅನುಕೂಲಸ್ಥರಾದ ಕೆಲವರು ತಮ್ಮವರ ಶವಗಳನ್ನು ಫ್ರಾನ್ಸಿನಿಂದ ತರಿಸಿಕೊಂಡುದುಂಟು. 1915ನೆಯ ಏಪ್ರಿಲ್ 13ರಂದು ಮಡಿದ ಪಾರ್ಲಿಮೆಂಟ್ ಸದಸ್ಯ ವಿಲಿಯಂ ಗ್ಲಾಡ್‌ಸ್ಟನ್ ಹಿಂದಿನ ಪ್ರಧಾನಿ ಗ್ಲಾಡ್‌ಸ್ಟನ್ನರ ಮೊಮ್ಮಗ. ವಿಶೇಷ ಅನುಮತಿಯಿಂದ ಅವನ ದೇಹವನ್ನು ವೇಲ್ಸಿನ ಹವಾರ್ಡನ್ ಗ್ರಾಮಕ್ಕೆ ತಂದು ಹೂಳಲಾಯಿತು. ಸಾಮಾನ್ಯ ಸಿಪಾಯಿಯ ತಂದೆತಾಯಿಗಳಿಗೆ ಇಂತಹ ಅನುಮತಿ ಎಲ್ಲಿಯದು? ಸಮಾಧಿಗಳ ದಾಖಲೆಯ ಹೊಣೆ ಹೊತ್ತಿದ್ದ ಫೇಬಿಯನ್ ವೇರ್ ಅವರ ಒತ್ತಾಯದಿಂದ ಅದೇ ವರ್ಷ ಶವಗಳನ್ನು ಸ್ವದೇಶಕ್ಕೆ ಒಯ್ಯುವುದು ನಿಷಿದ್ಧವಾಯಿತು.

1917ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು ಈ ನಿಷೇಧವನ್ನು ಶಾಶ್ವತ ನೀತಿಯನ್ನಾಗಿ ಅಂಗೀಕರಿಸಿತು. ಅಧಿಕಾರಿಯಾಗಲಿ ಸಿಪಾಯಿಯಾಗಲಿ, ಜೊತೆಯಲ್ಲಿ ಹೋರಾಡಿದವರು ಜೊತೆಯಲ್ಲಿಯೇ ಮಲಗಬೇಕು. ಎಲ್ಲರಿಗೂ ಒಂದೇ ಅಳತೆಯ ಕಲ್ಲು ಇರಬೇಕು ಎಂಬುದು ಅದರ ತತ್ತ್ವ. ಸಮತೆಯ ದೃಷ್ಟಿಯಿಂದ ಇದು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗನನ್ನು ತಮ್ಮೂರ ಮಣ್ಣಿನಲ್ಲಿ ಮಲಗಿಸಬೇಕೆಂದು ಬಯಸಿದ ತಾಯಂದಿರಿಗೆ ಇದು ನಿಷ್ಠುರವಾಗಿ ಕಂಡಿತು. 1919ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿದ ಒಂದು ಸಂಘವು ಶವಗಳನ್ನು ಮರಳಿಸಬೇಕೆಂದು ಮನವಿಗಳನ್ನು ಸಲ್ಲಿಸಿತು. 1920ನೆಯ ಮೇ 4ರಂದು ಆಯೋಗದ ನೀತಿಯು ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂದಾಗ ಸರ್ಕಾರವು ತನ್ನ ನಿಲುವನ್ನು ಬದಲಿಸಲಿಲ್ಲ. ಇದೇ ಅವಧಿಯಲ್ಲಿ ಅಮೆರಿಕವು ನಿರ್ಧಾರವನ್ನು ಬಂಧುಗಳಿಗೇ ಬಿಟ್ಟಿತ್ತು. ಅಲ್ಲಿ ಸುಮಾರು 46,000 ದೇಹಗಳು ಸ್ವದೇಶಕ್ಕೆ ಮರಳಿದವು. ಸುಮಾರು 30,000 ಯುರೋಪಿನಲ್ಲಿಯೇ ಉಳಿದವು. ಆದುದರಿಂದ ಬ್ರಿಟಿಷ್ ನಿಷೇಧವು ಅನಿವಾರ್ಯತೆಯ ಫಲವಾಗಿರಲಿಲ್ಲ; ಅದು ಬುದ್ಧಿಪೂರ್ವಕವಾದ ಆಯ್ಕೆಯಾಗಿತ್ತು.

ಇಂತಹ ಸನ್ನಿವೇಶದಲ್ಲಿ ಡೇವಿಡ್ ರೈಲ್ಟನ್ ಎಂಬ ಸೇನಾ ಪಾದ್ರಿಯ ಸಲಹೆಯು ಮುಂದೆ ಬಂದಿತು. 1916ರಲ್ಲಿ ಆರ್ಮೆಂಟಿಯರ್ಸ್ ಸಮೀಪದ ಒಂದು ಮನೆಯ ಹಿತ್ತಿಲಿನಲ್ಲಿ, ಹೆಸರು ತಿಳಿಯದ ಬ್ರಿಟಿಷ್ ಸೈನಿಕನ ಗೋರಿಯೆಂದು ಬರೆದಿದ್ದ ಮರದ ಶಿಲುಬೆಯನ್ನು ಅವನು ಕಂಡಿದ್ದನು. ಅಂತಹ ಒಬ್ಬನನ್ನು ತಂದು ಆಬೆಯಲ್ಲಿ ಹೂಳಬೇಕೆಂದು 1920ರಲ್ಲಿ ಅಲ್ಲಿನ ಡೀನ್ ಹರ್ಬರ್ಟ್ ರೈಲ್ ಅವರಿಗೆ ಪತ್ರ ಬರೆದನು. ದೊರೆ ಐದನೆಯ ಜಾರ್ಜ್ ಮೊದಲು ಹಿಂಜರಿದರೂ ಪ್ರಧಾನಿ ಲಾಯ್ಡ್ ಜಾರ್ಜ್ ಸಲಹೆಯನ್ನು ಬೆಂಬಲಿಸಿದರು.

ಬೇರೆ ಬೇರೆ ರಣರಂಗಗಳಿಂದ ಅಗೆದು ತೆಗೆದ, ಗುರುತಿಲ್ಲದ ಕಳೇಬರಗಳನ್ನು ಸೇಂಟ್ ಪೋಲ್ ಎಂಬಲ್ಲಿಯ ಪ್ರಾರ್ಥನಾಮಂದಿರದಲ್ಲಿ ಇರಿಸಲಾಯಿತು. ಬ್ರಿಗೇಡಿಯರ್ ಜನರಲ್ ವ್ಯಾಟ್ ನಡುರಾತ್ರಿಯಲ್ಲಿ ಒಂದನ್ನು ಆರಿಸಿದರು. ಅಲ್ಲಿದ್ದ ದೇಹಗಳು ನಾಲ್ಕು ಎಂದು ಅವರೇ 1939ರಲ್ಲಿ ತಿಳಿಸಿದ್ದಾರೆ. ನವೆಂಬರ್ 10ರಂದು ವರ್ಡನ್ ಎಂಬ ಯುದ್ಧನೌಕೆಯು ಶವಪೆಟ್ಟಿಗೆಯನ್ನು ಬೂಲೋನಿನಿಂದ ಡೋವರಿಗೆ ತಂದಿತು. ಮರುದಿನ ಮೆರವಣಿಗೆಯು ಹೊಸದಾಗಿ ಅನಾವರಣಗೊಂಡ ಸೆನೊಟಾಫ್, ಎಂದರೆ ಶವವಿಲ್ಲದ ಸ್ಮಾರಕಸಮಾಧಿಯ ಮಾರ್ಗವಾಗಿ ಆಬೆಯನ್ನು ಸೇರಿತು. ಗಂಡನನ್ನೂ ಎಲ್ಲ ಗಂಡುಮಕ್ಕಳನ್ನೂ ಕಳೆದುಕೊಂಡ ಸ್ತ್ರೀಯರಿಗೆ ಅಲ್ಲಿ ಗೌರವದ ಆಸನಗಳನ್ನು ಕೊಟ್ಟಿದ್ದರು. ಗೋರಿಯನ್ನು ತುಂಬಿದುದು ಫ್ರಾನ್ಸಿನ ರಣಭೂಮಿಯಿಂದ ತಂದ ಮಣ್ಣಿನಿಂದ. ದೇಹವು ಮನೆಗೆ ಬಂದರೂ ಅದನ್ನು ಮುಚ್ಚಿದುದು ಪರನಾಡಿನ ಮಣ್ಣೇ ಎಂಬುದು ಗಮನಾರ್ಹ.

ಈ ಸಂಸ್ಕಾರದ ಸಮಸ್ತ ಅರ್ಥವೂ ಹೆಸರಿಲ್ಲದಿರುವುದರಲ್ಲಿ ಅಡಗಿದೆ. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಲ್ಲಿ ಗುರುತಿನ ಗೋರಿಯೇ ಇಲ್ಲದವರು 5 ಲಕ್ಷಕ್ಕೂ ಮಿಕ್ಕಿದ್ದರು. ಅವರ ಪೈಕಿ ಯಾರ ತಾಯಿಯಾದರೂ ಇವನು ನನ್ನ ಮಗನೇ ಇರಬಹುದೆಂದು ಭಾವಿಸಬಹುದಾಗಿತ್ತು. ಅಲ್ಲವೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ನಿಷೇಧವನ್ನು ಸಡಿಲಿಸದೆಯೇ ಒಬ್ಬನನ್ನು ಎಲ್ಲರ ಪರವಾಗಿ ಮನೆಗೆ ತಂದುದು ರಾಜ್ಯದ ಜಾಣತನವೂ ಹೌದು, ಕರುಣೆಯೂ ಹೌದು. ಆದರೆ ಮಗನ ಗೋರಿ ಫ್ರಾನ್ಸಿನಲ್ಲಿ ಎಲ್ಲಿದೆಯೆಂದು ತಿಳಿದಿದ್ದ ತಾಯಿಗೆ ಈ ಉತ್ತರವು ಏನನ್ನೂ ಮರಳಿ ಕೊಡಲಿಲ್ಲ. ಅವನಿಗೆ ಹೆಸರಿತ್ತು, ಆದುದರಿಂದಲೇ ಅವನು ಈ ಅಜ್ಞಾತನಾಗಿರುವುದು ಸಾಧ್ಯವಿರಲಿಲ್ಲ.

ಅದೇ ಯುದ್ಧದಲ್ಲಿ ಭಾರತದ ಸೈನಿಕರ ಗತಿಯೇನಾಯಿತು? ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಮಂದಿ ಹಿಂದೂ ಮತ್ತು ಸಿಖ್ ಯೋಧರನ್ನು ಊರ ಹೊರಗಿನ ದಿಣ್ಣೆಯ ಮೇಲೆ ದಹಿಸಿ ಬೂದಿಯನ್ನು ಕಡಲಿಗೆ ಬಿಟ್ಟರು. 1921ರಲ್ಲಿ ಅಲ್ಲಿ ಅಮೃತಶಿಲೆಯ ಛತ್ರಿಯೊಂದು ನಿಂತಿತು. ಅವರವರ ಧರ್ಮಕ್ಕೆ ತಕ್ಕ ಸಂಸ್ಕಾರವೇನೋ ದೊರೆಯಿತು. ಚಿತೆಗೆ ಬೆಂಕಿಯಿಡಬೇಕಾದ ಮಕ್ಕಳು ಮಾತ್ರ ಸಮುದ್ರದಾಚೆ ಇದ್ದರು.

ಕಾಲಕ್ರಮದಲ್ಲಿ ತಕ್ಕಡಿಯು ಮನೆಯ ಕಡೆಗೆ ವಾಲಿದೆ. 1982ರ ಫಾಕ್‌ಲೆಂಡ್ ಯುದ್ಧದ ತರುವಾಯ ಬ್ರಿಟನ್ ಆಯ್ಕೆಯನ್ನು ಬಂಧುಗಳಿಗೆ ಬಿಟ್ಟಿತು. ಹಿಂದಿನ ಯುದ್ಧಗಳಲ್ಲಿ ಬಹುಮಟ್ಟಿಗೆ ರಣರಂಗದ ಬಳಿಯಲ್ಲಿಯೇ ಅಂತ್ಯಕ್ರಿಯೆ ನಡೆಸುತ್ತಿದ್ದ ಭಾರತವು 1999ರ ಕಾರ್ಗಿಲ್ ಯುದ್ಧದಲ್ಲಿ ಯೋಧರ ದೇಹಗಳನ್ನು ಅವರವರ ಊರುಗಳಿಗೆ ತಲಪಿಸಿತು. ಸಮತೆಯ ಹೆಸರಿನಲ್ಲಿ 1915ರಲ್ಲಿ ಎಲ್ಲರಿಗೂ ನಿರಾಕರಿಸಿದುದನ್ನು ಎಲ್ಲರಿಗೂ ಕೊಡುವುದೂ ಸಮತೆಯೇ ಎಂಬುದನ್ನು ಕಂಡುಕೊಳ್ಳಲು ರಾಜ್ಯಗಳಿಗೆ ಬಹುಕಾಲ ಹಿಡಿಯಿತು.