ಸೊಗಲದ ನೀರು, ಸೊಗಲದ ಕಲ್ಲು

ಬೈಲಹೊಂಗಲ ತಾಲೂಕಿನ ಸೊಗಲಕ್ಕೆ ನಾನು ಮೊದಲು ಹೋದುದು ಬರಿಯ ಜಲಪಾತದ ಆಸೆಗೆ. ಗುಡ್ಡದ ಸಂದಿಯಿಂದ ಧುಮುಕುವ ನೀರು, ಬದಿಗೆ ಸೋಮೇಶ್ವರನ ಗುಡಿ. ಮಿಂದು, ಬುತ್ತಿ ಉಂಡು ಮರಳಿದೆ. ಊರಿನ ಶಾಸನದ ಸುದ್ದಿ ತಿಳಿದದ್ದು ಆಮೇಲೆ. ಅದು ಕ್ರಿ.ಶ. 980ರದು. ಮಾನ್ಯಖೇಟದ ರಾಷ್ಟ್ರಕೂಟರನ್ನು ಚಾಲುಕ್ಯ ತೈಲಪನು ಕೆಡವಿದ್ದು 973ರಲ್ಲಿ. ಏಳೇ ವರ್ಷಕ್ಕೆ ಈ ಗುಡ್ಡದ ಮೂಲೆಯಲ್ಲಿ ಹೊಸ ದೊರೆಯ ಹೆಸರು ಕಲ್ಲಿಗೇರಿತ್ತು! ಜೊತೆಗೆ ಕೂಂಡಿ ನಾಡನ್ನಾಳುತ್ತಿದ್ದ ರಟ್ಟರ ಕಾರ್ತವೀರ್ಯನದೂ. ಹಳ್ಳಿಗೆ ರಾಜಕಾರಣ ತಟ್ಟದೆನ್ನುವವರು ಇದನ್ನು ನೆನೆಯಬೇಕು. ರಟ್ಟರು ಸುಗಂಧವರ್ತಿಯಲ್ಲಿ, ಅಂದರೆ ಇಂದಿನ ಸವದತ್ತಿಯಲ್ಲಿದ್ದು, ಮುಂದೆ ರಾಜಧಾನಿಯನ್ನು ಬೆಳಗಾವಿಗೆ ಒಯ್ದರು. ಕಡೆಗೆ ಆ ಪಟ್ಟವೂ ಉಳಿಯಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಸೊಗಲಕ್ಕೆ ಮತ್ತೆ ಹೋದೆ. ಈ ಸಲ ನೀರಿಗಿಂತ ಮೊದಲು ಕಲ್ಲುಗಳನ್ನೇ ನೋಡುತ್ತ ನಿಂತೆ. ಬುತ್ತಿ ಬಿಚ್ಚುವಾಗ ಸಂಜೆಯಾಗಿತ್ತು.