ಟೊರೆಂಟ್ ಜಾಲದಲ್ಲಿ ಕನ್ನಡ ಪುಸ್ತಕ: ಇಳಿಸಿಕೊಳ್ಳುವ ಬಗೆ, ಉಳಿಸಿಕೊಳ್ಳುವ ಬಗೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ಹಾಗೂ ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಉದಗೀರದಿಂದ ಕಮಲನಗರ, ಭಾಲ್ಕಿಗಳನ್ನು ದಾಟಿ ಬೀದರಕ್ಕೆ ಹೋಗುವ ರೈಲು ಇಂದಿಗೂ ಅದೇ ಹಳಿಯ ಮೇಲೆ ಓಡುತ್ತಿದೆ. ಉಮರ್ಗಾದವರಿಗೆ ಬಸವಕಲ್ಯಾಣ ದೂರದ ಊರೇನಲ್ಲ. ಆದರೂ ಮಗುವೊಂದು ಪಠ್ಯದ ಆಚೆಗೆ ಕನ್ನಡದ ಕಥೆಯನ್ನೋ ಕೋಶವನ್ನೋ ಕೇಳಿದಾಗ, ಬೀದರ, ಕಲಬುರಗಿ, ಸೋಲಾಪುರಗಳ ಕಡೆಗೆ ನೋಡುವುದು ನಮ್ಮ ಪಾಲಕರಿಗೆ ರೂಢಿಯಾಗಿಬಿಟ್ಟಿದೆ.

ಅಂತರಜಾಲವು ಈ ದೂರವನ್ನು ಬಹುಮಟ್ಟಿಗೆ ಅಳಿಸಿದೆ. ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಅಲ್ಲಿ ಉಚಿತವಾಗಿ ಲಭ್ಯ. ಅವುಗಳಲ್ಲಿ ಅನೇಕವನ್ನು ನೇರವಾಗಿಯೂ, 'ಟೊರೆಂಟ್' ಎಂಬ ಸಮಾನರ ಜಾಲದ ಮೂಲಕವೂ ಪಡೆಯಬಹುದು. ಆದರೆ ಟೊರೆಂಟ್ ಹಿಡಿದವರಲ್ಲಿ ಹಲವರು ಕೆಲಸ ಅರ್ಧಕ್ಕೆ ನಿಂತಿತೆಂದು ಕೈಬಿಡುತ್ತಾರೆ. ಅದು ಏಕೆ ನಿಲ್ಲುತ್ತದೆ, ನಿಲ್ಲದಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಜಾಲ ನಡೆಯುವ ಕ್ರಮ

ಬ್ರಾಮ್ ಕೊಹೆನ್ ಎಂಬ ಅಮೆರಿಕದ ತಂತ್ರಜ್ಞರು 2001ರಲ್ಲಿ ಬಿಟ್‌ಟೊರೆಂಟ್ ಪದ್ಧತಿಯನ್ನು ರೂಪಿಸಿದರು. ಸಾಮಾನ್ಯ ಡೌನ್‌ಲೋಡ್‌ನಲ್ಲಿ ಒಂದು ಸರ್ವರ್ ಕೊಡುತ್ತದೆ, ಉಳಿದವರೆಲ್ಲ ಪಡೆಯುತ್ತಾರೆ. ಟೊರೆಂಟ್‌ನಲ್ಲಿ ಪಡೆಯುವವರೆಲ್ಲ ಪಡೆಯುತ್ತಿರುವಾಗಲೇ ಕೊಡುವವರೂ ಆಗುತ್ತಾರೆ. ಕಡತವನ್ನು ನೂರಾರು ತುಣುಕುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿಯೊಂದು ತುಣುಕಿಗೂ ಬೆರಳಚ್ಚಿನಂಥ ಗುರುತುಸಂಖ್ಯೆ ಇರುವುದರಿಂದ, ಕೆಟ್ಟ ತುಣುಕು ಬಂದರೆ ತಂತ್ರಾಂಶವೇ ಅದನ್ನು ತಿರಸ್ಕರಿಸಿ ಮತ್ತೆ ತರಿಸಿಕೊಳ್ಳುತ್ತದೆ.

ಪೂರ್ಣ ಕಡತವನ್ನು ಹೊಂದಿ ಹಂಚುತ್ತಿರುವವರಿಗೆ 'ಸೀಡರ್' ಎಂದೂ, ಇನ್ನೂ ಪಡೆಯುತ್ತಿರುವವರಿಗೆ 'ಪೀರ್' ಎಂದೂ ಹೆಸರು. ಯಾರ ಬಳಿ ಕಡತವಿದೆ ಎಂಬ ವಿಳಾಸಪಟ್ಟಿಯನ್ನು ಇಟ್ಟುಕೊಳ್ಳುವ ಸರ್ವರ್ 'ಟ್ರ್ಯಾಕರ್'. ಟ್ರ್ಯಾಕರ್ ಇಲ್ಲದಿದ್ದರೂ ಬಳಕೆದಾರರ ಗಣಕಗಳೇ ವಿಳಾಸಗಳನ್ನು ಹಂಚಿಟ್ಟುಕೊಳ್ಳುವ 'ಡಿಎಚ್‌ಟಿ' ವ್ಯವಸ್ಥೆ ಕೆಲಸ ಮಾಡುತ್ತದೆ.

ಒಂದು ಸರಳ ಲೆಕ್ಕ

ಒಂದು ಶಾಲೆಯ ಗಣಕದಲ್ಲಿ 700 ಮೆಗಾಬೈಟಿನ ಪುಸ್ತಕಸಂಚಿ ಇದೆಯೆಂದು ಭಾವಿಸೋಣ. ಆ ಶಾಲೆಯ ಅಪ್‌ಲೋಡ್ ವೇಗ ಸೆಕೆಂಡಿಗೆ 2 ಮೆಗಾಬಿಟ್. 8 ಬಿಟ್‌ಗೆ 1 ಬೈಟ್ ಆದ್ದರಿಂದ ಇದು ಸೆಕೆಂಡಿಗೆ 0.25 ಮೆಗಾಬೈಟ್. ಒಬ್ಬರಿಗೆ ಪೂರ್ಣ ಸಂಚಿಯನ್ನು ಕಳುಹಿಸಲು 2,800 ಸೆಕೆಂಡು, ಅಂದರೆ ಸುಮಾರು 47 ನಿಮಿಷ ಬೇಕು. 10 ಕುಟುಂಬಗಳಿಗೆ ಶಾಲೆಯೊಂದೇ ಕಳುಹಿಸಿದರೆ ಸುಮಾರು 470 ನಿಮಿಷ, ಹೆಚ್ಚುಕಡಿಮೆ 8 ಗಂಟೆ.

ಅದೇ 10 ಕುಟುಂಬಗಳು ತಮಗೆ ಬಂದ ತುಣುಕುಗಳನ್ನು ಪರಸ್ಪರ ಕೊಟ್ಟುಕೊಂಡರೆ, ಎಲ್ಲರ ಅಪ್‌ಲೋಡ್ ವೇಗವೂ ಅಷ್ಟೇ ಇದ್ದು ಅಡೆತಡೆ ಇಲ್ಲದಿದ್ದ ಪಕ್ಷದಲ್ಲಿ, ಶಾಲೆಯು ಪ್ರತಿ ತುಣುಕನ್ನೂ ಒಂದು ಸಲ ಕಳುಹಿಸಿದರೆ ಸಾಕು. ಎಲ್ಲ 10 ಮನೆಗಳಿಗೂ 47 ನಿಮಿಷಗಳ ಆಸುಪಾಸಿನಲ್ಲಿ ಸಂಚಿ ತಲುಪುತ್ತದೆ.

ಈಗ ಇದರ ಇನ್ನೊಂದು ಮುಖ ನೋಡೋಣ. 40ನೆಯ ನಿಮಿಷಕ್ಕೆ ಶಾಲೆಯ ಗಣಕವನ್ನು ಯಾರೋ ಆರಿಸಿದರು. ಅಷ್ಟರಲ್ಲಿ ಹೊರಬಂದದ್ದು 600 ಮೆಗಾಬೈಟ್ ಮಾತ್ರ. 10 ಮನೆಗಳೂ ಶೇಕಡಾ 86ರ ಹತ್ತಿರ ನಿಲ್ಲುತ್ತವೆ. ಉಳಿದ ತುಣುಕುಗಳು ಯಾರ ಬಳಿಯೂ ಇಲ್ಲ. ಅಂತರಜಾಲದ ವೇಗ ಎಷ್ಟೇ ಹೆಚ್ಚಿಸಿದರೂ ಉಪಯೋಗವಿಲ್ಲ. ಕನ್ನಡದ ಕಡತಗಳಲ್ಲಿ ಬಹುಸಾರಿ ಆಗುವುದು ಇದೇ. ಜನಪ್ರಿಯ ಇಂಗ್ಲಿಷ್ ಕಡತಕ್ಕೆ ಸಾವಿರ ಸೀಡರ್‌ಗಳಿದ್ದರೆ ಒಬ್ಬರು ಎದ್ದು ಹೋದದ್ದು ಗೊತ್ತಾಗುವುದಿಲ್ಲ. ಒಬ್ಬಿಬ್ಬರೇ ಇರುವ ಕನ್ನಡ ಕಡತದಲ್ಲಿ ಒಬ್ಬರು ಎದ್ದರೆ ಕಡತವೇ ಇಲ್ಲವಾಗುತ್ತದೆ.

ಏನನ್ನು ಪಡೆಯಬಹುದು

ಇಂಟರ್ನೆಟ್ ಆರ್ಕೈವ್ ಸಂಸ್ಥೆಯು 2012ರ ಆಗಸ್ಟ್‌ನಲ್ಲಿ ತನ್ನ 10 ಲಕ್ಷಕ್ಕೂ ಹೆಚ್ಚು ಕೃತಿ, ಧ್ವನಿಮುದ್ರಿಕೆ ಹಾಗೂ ಚಿತ್ರಗಳನ್ನು ಟೊರೆಂಟ್ ಮೂಲಕ ನೀಡಲಾರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾಲುದಾರನಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಅನೇಕ ಕನ್ನಡ ಪುಸ್ತಕಗಳೂ ಅಲ್ಲಿವೆ. ಆ ಯೋಜನೆಯ ಮೂಲ ತಾಣ ಮುಂದೆ ಸ್ಥಗಿತಗೊಂಡರೂ, ಪ್ರತಿಗಳು ಬೇರೆಡೆ ಇದ್ದುದರಿಂದ ಪುಸ್ತಕಗಳು ಉಳಿದವು. ಪ್ರತಿ ಒಂದೇ ಕಡೆ ಇರಬಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಎರಡನೆಯದು, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದ ತಾಣದಲ್ಲಿ ಇಡೀ ವಿಕಿಪೀಡಿಯವು ಒಂದೇ ಕಡತವಾಗಿ ಟೊರೆಂಟ್ ರೂಪದಲ್ಲಿಯೂ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದ ಕೋಣೆಯಲ್ಲಿಯೂ ಓದಬಹುದು.

ಹಕ್ಕುಸ್ವಾಮ್ಯವನ್ನು ಮಾತ್ರ ಮರೆಯಬಾರದು. ಟೊರೆಂಟ್ ಬಳಸುವುದು ಅಪರಾಧವಲ್ಲ. ಹಕ್ಕಿರುವ ಕೃತಿಯನ್ನು ಅನುಮತಿ ಇಲ್ಲದೆ ಹಂಚುವುದು ಅಪರಾಧ. ಟೊರೆಂಟ್‌ನಲ್ಲಿ ಪಡೆಯುವವನು ಹಂಚುವವನೂ ಆಗಿರುವುದರಿಂದ ಹೊಣೆ ಹೆಚ್ಚು. ಭಾರತದ ಕಾನೂನಿನಂತೆ ಲೇಖಕರ ಕಾಲಾನಂತರ 60 ವರ್ಷಗಳವರೆಗೆ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಹಾಗೂ 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಪ್ರಕಟಿತ ಕೃತಿಗಳು ಮುಕ್ತವಾಗಿವೆ. 1964ರಲ್ಲಿ ತೀರಿಕೊಂಡ ಆಲೂರ ವೆಂಕಟರಾಯರ ಕೃತಿಗಳು 2025ರ ಜನವರಿ 1ರಿಂದ ಮುಕ್ತ. ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೆ, ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಕ್ಕು ಇದೆ. ಹಳೆಯ ಕೃತಿಗೆ ಇತ್ತೀಚೆಗೆ ಬರೆದ ಮುನ್ನುಡಿ, ಟಿಪ್ಪಣಿಗಳಿದ್ದರೆ ಅವುಗಳ ಹಕ್ಕು ಪ್ರತ್ಯೇಕ.

ಪಠ್ಯಪುಸ್ತಕಕ್ಕಾಗಿ ಟೊರೆಂಟ್ ಹುಡುಕಬೇಕಾಗಿಲ್ಲ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಅದರ ಅಧಿಕೃತ ತಾಣದಲ್ಲಿ ಪಿಡಿಎಫ್ ಪ್ರತಿಗಳು ಉಚಿತ. ಪರಿಷ್ಕೃತ ಪ್ರತಿ ಸಿಗುವುದು ಅಲ್ಲಿಯೇ.

ಡೌನ್‌ಲೋಡ್ ಕೈಗೂಡಲು

ಕ್ಯೂಬಿಟ್‌ಟೊರೆಂಟ್ ಅಥವಾ ಟ್ರಾನ್ಸ್‌ಮಿಷನ್ ಎಂಬ ಉಚಿತ, ಮುಕ್ತ ತಂತ್ರಾಂಶಗಳಲ್ಲಿ ಒಂದನ್ನು ಅವುಗಳ ಅಧಿಕೃತ ತಾಣದಿಂದಲೇ ಪಡೆಯಿರಿ. ಬಳಿಕ ಈ ಕ್ರಮದಲ್ಲಿ ನೋಡಿಕೊಳ್ಳಿ.

ಮೊದಲು ಲಭ್ಯತೆ. ಕ್ಯೂಬಿಟ್‌ಟೊರೆಂಟ್‌ನಲ್ಲಿ 'ಅವೈಲಬಿಲಿಟಿ' ಎಂಬ ಅಂಕಿ ಕಾಣುತ್ತದೆ. ಅದು 1 ಅಥವಾ ಹೆಚ್ಚಿದ್ದರೆ, ನಿಮಗೆ ಸಂಪರ್ಕ ಸಿಕ್ಕಿರುವ ಗಣಕಗಳಲ್ಲಿ ಪೂರ್ಣ ಕಡತವಿದೆ. 0.86 ಇದ್ದರೆ ಅವರೆಲ್ಲರ ಬಳಿ ಕೂಡಿಯೂ ಕಡತ ಅಪೂರ್ಣ. ಇನ್ನೊಬ್ಬ ಸೀಡರ್ ಬರುವವರೆಗೆ ಕಾಯಬೇಕು. ಇಂಟರ್ನೆಟ್ ಆರ್ಕೈವ್‌ನ ಟೊರೆಂಟ್‌ಗಳಲ್ಲಿ ಸಂಸ್ಥೆಯ ಸರ್ವರ್ ಕೂಡ 'ವೆಬ್ ಸೀಡ್' ಆಗಿ ತುಣುಕುಗಳನ್ನು ಕೊಡುವುದರಿಂದ ಸೀಡರ್ ಯಾರೂ ಇಲ್ಲದಿದ್ದರೂ ಕೆಲಸ ಸಾಗುತ್ತದೆ. ಹಳೆಯ ಟೊರೆಂಟ್ ಕಡತ ನಡೆಯದಿದ್ದರೆ ಆ ಪುಸ್ತಕದ ಪುಟದಿಂದ ಹೊಸದನ್ನು ತೆಗೆದುಕೊಳ್ಳಿ. ಪುಟದಲ್ಲಿ ಬದಲಾವಣೆಯಾದಾಗ ಟೊರೆಂಟ್ ಕೂಡ ಬದಲಾಗುತ್ತದೆ.

ಎರಡನೆಯದು ಅಪ್‌ಲೋಡ್ ಮಿತಿ. ಅಪ್‌ಲೋಡ್ ದಾರಿ ಪೂರ್ತಿ ತುಂಬಿಕೊಂಡರೆ, ಬಂದ ತುಣುಕಿಗೆ 'ತಲುಪಿತು' ಎಂದು ತಿಳಿಸುವ ಸಂದೇಶಗಳೂ ತಡವಾಗಿ ಡೌನ್‌ಲೋಡ್ ಕುಸಿಯುತ್ತದೆ. ಆದ್ದರಿಂದ ನಿಜವಾದ ಅಪ್‌ಲೋಡ್ ವೇಗವನ್ನು ಅಳೆದು, ಅದರ ಶೇಕಡಾ 80ರಷ್ಟನ್ನು ಮಿತಿಯಾಗಿ ಕೊಡುವುದು ವಾಡಿಕೆ. ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ಮಿತಿ 200 ಕಿಲೋಬೈಟ್. ಸೊನ್ನೆಯ ಹತ್ತಿರಕ್ಕೆ ಇಳಿಸಬೇಡಿ. ಯಾರು ತನಗೆ ಕೊಡುತ್ತಿದ್ದಾರೋ ಅವರಿಗೆ ಮೊದಲು ಕೊಡುವುದು ಈ ಪದ್ಧತಿಯ ಮೂಲ ನಿಯಮ. ಮೂಲ ವಿನ್ಯಾಸದಲ್ಲಿ 10 ಸೆಕೆಂಡಿಗೊಮ್ಮೆ ಈ ಲೆಕ್ಕ ನಡೆಯುತ್ತದೆ. 30 ಸೆಕೆಂಡಿಗೊಮ್ಮೆ ಹೊಸಬರಿಗೂ ಒಂದು ಅವಕಾಶ ಸಿಗುತ್ತದೆ. ಏನೂ ಕೊಡದವರು ಆ ಅವಕಾಶಕ್ಕಾಗಿಯೇ ಕಾದಿರಬೇಕಾಗುತ್ತದೆ.

ಮೂರನೆಯದು ಬಾಗಿಲು, ಅಂದರೆ 'ಪೋರ್ಟ್'. ಹೊರಗಿನವರು ನಿಮ್ಮ ಗಣಕವನ್ನು ತಲುಪಬೇಕಾದರೆ ರೌಟರ್‌ನಲ್ಲಿ ಒಂದು ಪೋರ್ಟ್ ತೆರೆದಿರಬೇಕು. ರೌಟರ್‌ನಲ್ಲಿ 'ಯುಪಿಎನ್‌ಪಿ' ಸೌಲಭ್ಯ ಚಾಲೂ ಇದ್ದರೆ ತಂತ್ರಾಂಶವೇ ಅದನ್ನು ತೆರೆದುಕೊಳ್ಳುತ್ತದೆ. ಮೊಬೈಲ್ ಜಾಲಗಳಲ್ಲಿ ತೊಡಕು ಬೇರೆ. ಅಲ್ಲಿ ಅನೇಕ ಗ್ರಾಹಕರು ಒಂದೇ ಹೊರವಿಳಾಸವನ್ನು ಹಂಚಿಕೊಂಡಿರುತ್ತಾರೆ. ಹಲವು ಮನೆಗಳಿರುವ ವಾಡೆಗೆ ಒಂದೇ ಹೆಬ್ಬಾಗಿಲಿದ್ದಂತೆ: ಒಳಗಿನವರು ಹೊರಗೆ ಹೋಗಬಲ್ಲರು, ಹೊರಗಿನ ಅಪರಿಚಿತರಿಗೆ ಯಾವ ಮನೆಯ ಕದ ತಟ್ಟಬೇಕೆಂದು ತಿಳಿಯದು. ಇಬ್ಬರೂ ಅಂಥ ವಾಡೆಯೊಳಗಿದ್ದರೆ ಪರಸ್ಪರ ಸಂಪರ್ಕ ಬಹುಸಾರಿ ಕೂಡಿಬರುವುದಿಲ್ಲ. ಆದ್ದರಿಂದ ಹತ್ತು ಜನರಲ್ಲಿ ಒಬ್ಬರಾದರೂ ನೇರ ವಿಳಾಸವಿರುವ ಫೈಬರ್ ಸಂಪರ್ಕದಿಂದ ಸೀಡ್ ಮಾಡಬೇಕು. ಐಪಿವಿ6 ಲಭ್ಯವಿದ್ದರೆ ಅದನ್ನು ಚಾಲೂ ಇಡಬೇಕು.

ಉಳಿದವು ಸಣ್ಣ ಎಚ್ಚರಿಕೆಗಳು. ವಿದ್ಯುತ್ ಹೋಗಿ ಗಣಕ ಒಮ್ಮೆಲೇ ನಿಂತರೆ ಹೆದರಬೇಕಾಗಿಲ್ಲ. 'ಫೋರ್ಸ್ ರೀಚೆಕ್' ಒತ್ತಿದರೆ ಸರಿಯಿರುವ ತುಣುಕುಗಳನ್ನು ಉಳಿಸಿಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ. ಗಣಕ ತಾನಾಗಿ ನಿದ್ರಿಸದಂತೆ ವ್ಯವಸ್ಥೆ ಮಾಡಿ. ಫ್ಯಾಟ್32 ಮಾದರಿಯ ಪೆನ್ ಡ್ರೈವ್‌ನಲ್ಲಿ 4 ಗಿಗಾಬೈಟಿಗೆ ಮೇಲ್ಪಟ್ಟ ಒಂಟಿ ಕಡತ ಹಿಡಿಯದು.

ಅಪ್‌ಲೋಡ್ ಕೈಗೂಡಲು

ಮುಕ್ತ ಕೃತಿಯೊಂದನ್ನು ನೀವೇ ಸ್ಕ್ಯಾನ್ ಮಾಡಿ ಹಂಚುವುದಾದರೆ, ಮೊದಲ ಪೂರ್ಣ ಪ್ರತಿ ಹೊರಹೋಗುವವರೆಗೆ ಗಣಕವನ್ನು ಆರಿಸಬೇಡಿ. ಮೇಲಿನ ಲೆಕ್ಕದ ಪಾಠ ಅದೇ. ಆರಂಭದಲ್ಲಿ 'ಸೂಪರ್ ಸೀಡಿಂಗ್' ಆಯ್ದರೆ, ಒಮ್ಮೆ ಕೊಟ್ಟ ತುಣುಕನ್ನೇ ಮತ್ತೆ ಕೊಡದೆ ಬೇರೆ ಬೇರೆ ತುಣುಕುಗಳನ್ನು ಹೊರಡಿಸಲು ಅದು ನೆರವಾಗುತ್ತದೆ.

ಹಂಚುತ್ತಿರುವ ಕಡತದ ಹೆಸರನ್ನಾಗಲಿ ಜಾಗವನ್ನಾಗಲಿ ತಂತ್ರಾಂಶದ ಹೊರಗಿನಿಂದ ಬದಲಿಸಬೇಡಿ. ಬದಲಿಸಿದರೆ ಹಂಚಿಕೆ ನಿಂತುಹೋಗುತ್ತದೆ. ಒಂದೇ ಪುಸ್ತಕಕ್ಕೆ ಉದಗೀರದಲ್ಲೊಂದು, ನಿಲಂಗಾದಲ್ಲೊಂದು ಬೇರೆ ಬೇರೆ ಟೊರೆಂಟ್ ಮಾಡಿದರೆ ಇರುವ ಕೆಲವೇ ಜನ ಎರಡು ಗುಂಪುಗಳಾಗುತ್ತಾರೆ. ಈಗಾಗಲೇ ಇರುವ ಟೊರೆಂಟ್‌ಗೇ ಸೇರಿಕೊಳ್ಳಿ.

ನಮ್ಮ ಭಾಗಕ್ಕೆ ಹೆಚ್ಚು ಒಪ್ಪುವ ಉಪಾಯ ಇನ್ನೊಂದಿದೆ. ಪೂರ್ಣಗೊಂಡ ಕಡತವನ್ನು ಪೆನ್ ಡ್ರೈವ್‌ನಲ್ಲಿ ಬೇರೆ ಊರಿಗೆ ಒಯ್ಯಿರಿ. ಅಲ್ಲಿಯ ಗಣಕದಲ್ಲಿ ಕಡತವನ್ನು ಅದೇ ಹೆಸರಿನಲ್ಲಿಟ್ಟು, ಅದೇ ಟೊರೆಂಟ್ ಸೇರಿಸಿ, ಸಂಗ್ರಹಜಾಗವಾಗಿ ಆ ಫೋಲ್ಡರ್ ತೋರಿಸಿ 'ರೀಚೆಕ್' ಒತ್ತಿರಿ. ಪರೀಕ್ಷೆ ಶೇಕಡಾ 100 ತೋರಿಸಿದೊಡನೆ ಅದು ಎರಡನೆಯ ಸೀಡರ್ ಆಗುತ್ತದೆ. ಕಡತ ತರಲು ಡೇಟಾ ಖರ್ಚಾಗುವುದಿಲ್ಲ. ಉದಗೀರದಲ್ಲಿ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಉಮರ್ಗಾದ ಗಣಕ ಕಡತವನ್ನು ಬದುಕಿಸಿಡುತ್ತದೆ.

ಶಾಲೆಯೊಳಗೆ, ಮನೆಯೊಳಗೆ

ಒಂದೇ ವೈಫೈಗೆ ಸೇರಿರುವ ಗಣಕಗಳಲ್ಲಿ 'ಲೋಕಲ್ ಪೀರ್ ಡಿಸ್ಕವರಿ' ಚಾಲೂ ಇದ್ದರೆ, ಅವು ಒಂದನ್ನೊಂದು ಗುರುತಿಸಿ ತುಣುಕುಗಳನ್ನು ಕೋಣೆಯೊಳಗೇ ಹಂಚಿಕೊಳ್ಳುತ್ತವೆ. ಶಾಲೆಗೆ ಹೊರಗಿನಿಂದ ಒಂದು ಪ್ರತಿ ಬಂದರೆ ಸಾಕಾಗಬಹುದು. ಎರಡು ಆಂಡ್ರಾಯ್ಡ್ ಫೋನ್‌ಗಳ ನಡುವೆ ಕಳುಹಿಸಲು ಟೊರೆಂಟ್ ಬೇಕಿಲ್ಲ. 2020ರ ಜೂನ್‌ನಲ್ಲಿ ನಿಷೇಧಗೊಂಡ 59 ಆ್ಯಪ್‌ಗಳಲ್ಲಿ ಶೇರ್‌ಇಟ್ ಮತ್ತು ಕ್ಸೆಂಡರ್ ಇದ್ದವು. ಆ ಕೆಲಸವನ್ನು ಈಗ ಫೋನಿನಲ್ಲೇ ಇರುವ 'ಕ್ವಿಕ್ ಶೇರ್' ಮಾಡುತ್ತದೆ.

ಪಾಲಕರು ಮೂರು ಮಾತುಗಳನ್ನು ಮನದಲ್ಲಿಡಬೇಕು. ಟೊರೆಂಟ್‌ನಲ್ಲಿ ನಿಮ್ಮ ಜಾಲವಿಳಾಸ ಇತರರಿಗೆ ಕಾಣುತ್ತದೆ. ಪುಸ್ತಕವೆಂದು ಇಳಿಸಿದ ಕಡತದ ಹೆಸರು 'ಇಎಕ್ಸ್‌ಇ' ಅಥವಾ 'ಎಪಿಕೆ' ಎಂದು ಕೊನೆಗೊಂಡಿದ್ದರೆ ತೆರೆಯದೆ ಅಳಿಸಿಹಾಕಿ. ಮೊಬೈಲ್ ಡೇಟಾದಲ್ಲಿ ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುವುದರಿಂದ, ಫೋನಿನಲ್ಲಿ 'ವೈಫೈ ಮಾತ್ರ' ಎಂಬ ಆಯ್ಕೆ ಇಟ್ಟುಕೊಳ್ಳಿ.

ಕೊನೆಯದಾಗಿ ನಮ್ಮ ಕೋರಿಕೆ ಚಿಕ್ಕದು. ಪುಸ್ತಕ ಇಳಿದ ಮೇಲೆ ಟೊರೆಂಟನ್ನು ತಕ್ಷಣ ತೆಗೆದುಹಾಕಬೇಡಿ. ಪಡೆದಷ್ಟನ್ನಾದರೂ ಹಿಂದಿರುಗಿಸುವವರೆಗೆ, ಅಂದರೆ 'ರೇಷಿಯೊ' ಅಂಕಿ 1 ಆಗುವವರೆಗೆ, ಹಂಚಿಕೆ ನಡೆಯಲಿ. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ತಲಾ ಒಂದು ಗಣಕ ದಿನಕ್ಕೆ ಕೆಲವು ಗಂಟೆ ಒಂದೇ ಪುಸ್ತಕಸಂಚಿಯನ್ನು ಹಂಚುತ್ತಿದ್ದರೆ, ಮುಂದಿನ ವರ್ಷ ಕನ್ನಡ ಶಾಲೆಗೆ ಬರುವ ಮಗುವಿನ ಮನೆಯಲ್ಲಿ ಆ ಡೌನ್‌ಲೋಡ್ ಶೇಕಡಾ 86ಕ್ಕೆ ನಿಲ್ಲುವುದಿಲ್ಲ.